ಚೌಕಟ್ಟಿನ ಅಂಚು: ಮನೆಯ ಚಲನಚಿತ್ರಗಳು, ನಿತ್ಯಜೀವನ ಮತ್ತು ಹಳಹಳಿಕೆ (ಬೋಗಾದಿಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ)

ಕುಟುಂಬವೊಂದು ತನ್ನವರಿಗೆ ತೋರಿಸುವುದಕ್ಕಾಗಿ, ತನ್ನವರಲ್ಲೇ ಒಬ್ಬರ ಕೈಯಿಂದಲೋ ಹಣಕೊಟ್ಟು ಕರೆಸಿದವರ ಕೈಯಿಂದಲೋ ತೆಗೆಸಿಕೊಂಡ ಚಲನಚಿತ್ರವನ್ನು ಕನ್ನಡದ ಜಾನಪದ ವಿದ್ವತ್ತು ತನ್ನ ಆಕರಗಳ ಸಾಲಿನಲ್ಲಿ ಇರಿಸಿಕೊಂಡದ್ದು ವಿರಳ. ಗೀತೆ, ಗಾದೆ, ಒಗಟು, ಐತಿಹ್ಯ, ಆಚರಣೆ, ಕುಶಲವಸ್ತುಗಳಿಗೆ ದೊರೆತ ಮಾನ್ಯತೆ ಇದಕ್ಕೆ ದೊರೆತಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕ್ಯಾಮೆರಾ ಒಂದು ಯಂತ್ರ. ಅದನ್ನು ಕೊಂಡವರು ನಗರದ ಅನುಕೂಲಸ್ಥರು. ಅದರೊಳಗೆ ಸೇರಿದ್ದು ನಾಮಕರಣ, ಮದುವೆ, ಪ್ರವಾಸ. ಜನಪದರ ಬದುಕಿಗೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಈ ಹಳೆಯ ಚಿತ್ರಗಳು ಬೀರುವಿನಿಂದ ಹೊರಬಂದು, ಸುರುಳಿಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಅಲ್ಲಿಂದ ಮೊಬೈಲ್ ಫೋನಿಗೆ ದಾಟುತ್ತ ಬಂದಂತೆ, ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂಬ ಮಾತನ್ನು ಮನೆಮನೆಯಲ್ಲಿ ಎಬ್ಬಿಸಿವೆ. ಈ ಮಾತಿಗೆ ಒಂದು ಧಾಟಿಯಿದೆ, ಒಂದು ಕ್ರಮವಿದೆ, ಹೇಳುವವರು ಬೇರೆಯಾದರೂ ಬದಲಾಗದ ಕೆಲವು ಪಡಿನುಡಿಗಳಿವೆ. ಬಾಯಿಂದ ಬಾಯಿಗೆ ಹರಿದು ರೂಪ ಪಡೆದ ಮಾತು ಜಾನಪದದ ವ್ಯಾಪ್ತಿಗೆ ಸೇರದೆಂದು ಹೇಳಲು ಬಲವಾದ ಕಾರಣಗಳಿಲ್ಲ.

ಪ್ರಸ್ತುತ ಲೇಖನದ ಪ್ರಶ್ನೆ ಇಷ್ಟು: ಮನೆಯ ಹಳೆಯ ಚಲನಚಿತ್ರಗಳನ್ನು ನೋಡುವಾಗ ಹುಟ್ಟುವ ಹಳಹಳಿಕೆ ಯಾವುದನ್ನು ಕುರಿತದ್ದು? ಅದು ನಿತ್ಯಜೀವನವನ್ನು ಕುರಿತದ್ದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆ ಚಿತ್ರಗಳಲ್ಲಿ ನಿತ್ಯಜೀವನ ಇದೆಯೇ? ಇದ್ದರೆ ಎಲ್ಲಿದೆ? ಯಾರದು?

ಈ ಪ್ರಶ್ನೆಗಳನ್ನು ಎತ್ತಿಕೊಳ್ಳಲು ಮೈಸೂರಿನ ಪಶ್ಚಿಮದಂಚಿನ ಬೋಗಾದಿ ತಕ್ಕ ಸ್ಥಳ. ಅದು ನಿನ್ನೆಯವರೆಗೆ ಹಳ್ಳಿ, ಇಂದು ಬಡಾವಣೆಗಳ ಸಮೂಹ. 1960ರಲ್ಲಿ ಮಾನಸಗಂಗೋತ್ರಿ ರೂಪುಗೊಂಡಾಗ, 1965ರಲ್ಲಿ ಅದರ ಮಗ್ಗುಲಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಆರಂಭವಾದಾಗ ಈ ದಿಕ್ಕಿನಲ್ಲಿ ನಗರ ಅಲ್ಲಿಗೇ ಮುಗಿಯುತ್ತಿತ್ತು. ಅದರಾಚೆ ಹೊಲ, ಕೆರೆ, ಊರು. ಗದ್ದಿಗೆಯ ಕಡೆಗೆ ಹೋಗುವ ಹಾದಿ ಬೋಗಾದಿಯನ್ನು ದಾಟಿ ಮರಟಿಕ್ಯಾತನಹಳ್ಳಿಯತ್ತ ಸಾಗುತ್ತಿತ್ತು. ಸಿ.ಡಿ. ನರಸಿಂಹಯ್ಯನವರು 1979ರಲ್ಲಿ ಕಟ್ಟಿದ ಧ್ವನ್ಯಾಲೋಕ ಇದೇ ರಸ್ತೆಯ ವಿಳಾಸ ಪಡೆಯಿತು. 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಬಂದಮೇಲೆ, ವರ್ತುಲ ರಸ್ತೆ ಹಾದುಹೋದಮೇಲೆ, ಹೊಲಗಳು ನಿವೇಶನಗಳಾದವು. 2020ರಲ್ಲಿ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಯಿತು. ಹೀಗೆ ಬೋಗಾದಿಯಲ್ಲಿ ಇಂದು ಎರಡು ಬಗೆಯ ನೆನಪುಗಳು ಅಕ್ಕಪಕ್ಕ ವಾಸಿಸುತ್ತಿವೆ. ಒಂದು, ಊರಿನೊಳಗೇ ಹುಟ್ಟಿ ಬೆಳೆದವರದು. ಇನ್ನೊಂದು, ನೌಕರಿಯಿಂದ ನಿವೃತ್ತರಾಗಿಯೋ ಹಳೆಯ ಮೊಹಲ್ಲಾಗಳ ಮನೆ ಪಾಲಾದಮೇಲೆಯೋ ಇಲ್ಲಿಗೆ ಬಂದು ಮನೆ ಕಟ್ಟಿದವರದು. ಎರಡನೆಯವರು ತಮ್ಮ ನೆನಪನ್ನು ಟ್ರಂಕಿನಲ್ಲಿ ತಂದರು. ಆಲ್ಬಮ್ಮು, ಸುರುಳಿ, ಕ್ಯಾಸೆಟ್ಟುಗಳು ಆ ಟ್ರಂಕಿನ ಸಾಮಾನು. ಮೊದಲನೆಯವರ ನೆನಪಿಗೆ ಇದ್ದ ಆಧಾರ ನೆಲ. ಆ ನೆಲದ ಮೇಲೆಯೇ ಈಗ ಎರಡನೆಯವರ ಮನೆಗಳು ನಿಂತಿವೆ.

ಮನೆಯವರೇ ಚಿತ್ರ ತೆಗೆಯುವ ರೂಢಿ ಹುಟ್ಟಿದ್ದು ಯೂರೋಪು, ಅಮೆರಿಕಗಳಲ್ಲಿ. 1922ರಲ್ಲಿ ಫ್ರಾನ್ಸಿನ ಪಾಥೆ ಸಂಸ್ಥೆ 9.5 ಮಿ.ಮೀ. ಅಗಲದ ಸುರುಳಿಯನ್ನೂ, 1923ರಲ್ಲಿ ಕೊಡಾಕ್ ಸಂಸ್ಥೆ 16 ಮಿ.ಮೀ. ಸುರುಳಿಯನ್ನೂ, 1932ರಲ್ಲಿ ಅದೇ ಸಂಸ್ಥೆ ಇನ್ನೂ ಅಗ್ಗದ 8 ಮಿ.ಮೀ. ಸುರುಳಿಯನ್ನೂ ಮಾರುಕಟ್ಟೆಗೆ ತಂದವು. 1965ರಲ್ಲಿ ಬಂದ ಸೂಪರ್ 8 ಸುರುಳಿಯನ್ನು ಕತ್ತಲ ಕೋಣೆಯ ಗೊಡವೆಯಿಲ್ಲದೆ ಯಾರಾದರೂ ಕ್ಯಾಮೆರಾಕ್ಕೆ ಸೇರಿಸಬಹುದಾಗಿತ್ತು. ಇಲ್ಲಿ ಗಮನಿಸಬೇಕಾದುದು ಅದರ ಅಳತೆ. ಸೂಪರ್ 8ರ ಒಂದು ಪೆಟ್ಟಿಗೆಯಲ್ಲಿದ್ದದ್ದು 50 ಅಡಿ ಫಿಲ್ಮು. ಸೆಕೆಂಡಿಗೆ 18 ಚಿತ್ರಗಳ ವೇಗದಲ್ಲಿ ಅದು ಓಡುತ್ತಿದ್ದದ್ದು 3 ನಿಮಿಷ 20 ಸೆಕೆಂಡು. ಭಾರತದಲ್ಲಿ ಇಂಥ ಕ್ಯಾಮೆರಾ, ಫಿಲ್ಮುಗಳು ಬಹುತೇಕ ಹೊರದೇಶದಿಂದ ಬರಬೇಕಾದವು; ವಿದೇಶಕ್ಕೆ ಹೋಗಿಬಂದ ಪ್ರಾಧ್ಯಾಪಕ, ವೈದ್ಯ, ಎಂಜಿನಿಯರರ ಮನೆಗಳಲ್ಲಲ್ಲದೆ ಬೇರೆಡೆ ಇವು ಅಪರೂಪ. ಮೂರೂ ಚಿಲ್ಲರೆ ನಿಮಿಷದ ದುಬಾರಿ ಫಿಲ್ಮನ್ನು ಹಿಡಿದವನು ದಿನದಿನದ ಬೇಳೆ ಬೇಯುವುದನ್ನು ಚಿತ್ರಿಸುವುದಿಲ್ಲ. ಅವನು ಕಾಯುತ್ತಾನೆ, ಮಗು ಮೊದಲ ಹೆಜ್ಜೆಯಿಡಲಿ, ಮಗಳು ಸೀರೆಯುಟ್ಟು ಬರಲಿ, ಜಂಬೂ ಸವಾರಿ ಹೊರಡಲಿ ಎಂದು ಕಾಯುತ್ತಾನೆ. (ಜಂಬೂ ಸವಾರಿಯನ್ನು ಬೀದಿಬದಿಯಿಂದ ಹಿಡಿದ ಇಂಥ ಚಿತ್ರಗಳಲ್ಲಿ ಆನೆಗಿಂತ ಆನೆಯನ್ನು ನೋಡುತ್ತ ನಿಂತವರ ಬೆನ್ನೇ ಹೆಚ್ಚು ಕಾಣಿಸುವುದು ಬೇರೆ ಮಾತು.)

ವಿಡಿಯೋ ಬಂದದ್ದು ಈ ಲೆಕ್ಕವನ್ನು ಬದಲಾಯಿಸಿತು. ಜಪಾನಿನಲ್ಲಿ 1976ರಲ್ಲಿ ಹೊರಬಂದ ವಿ.ಎಚ್.ಎಸ್. ಕ್ಯಾಸೆಟ್ಟು, 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ.ಯೊಂದಿಗೆ ಭಾರತದ ಮನೆಗಳಿಗೆ ಕಾಲಿಟ್ಟಿತು. ನಂತರದ ಹತ್ತು ವರ್ಷಗಳಲ್ಲಿ ಮದುವೆ ಛತ್ರಕ್ಕೆ ಫೋಟೋದವರೊಡನೆ ವಿಡಿಯೋದವರೂ ಬರುವುದು ವಾಡಿಕೆಯಾಯಿತು. ಮನೆಯ ಚಲನಚಿತ್ರ ಎಂಬುದು ಕರ್ನಾಟಕದ ಬಹುಪಾಲು ಕುಟುಂಬಗಳಿಗೆ ‘ಮದುವೆ ಕ್ಯಾಸೆಟ್’ ಆಗಿಯೇ ಮೊದಲು ಪರಿಚಯವಾದದ್ದು. ಗಂಟೆಗಟ್ಟಲೆ ಓಡುವ ಟೇಪು ಸಿಕ್ಕಿದ ಮೇಲೂ ಕ್ಯಾಮೆರಾ ನಿತ್ಯದ ಬದುಕಿನ ಕಡೆಗೆ ತಿರುಗಲಿಲ್ಲ ಎಂಬುದು ಗಮನಾರ್ಹ. ದುಬಾರಿಯೆಂಬ ಕಾರಣ ಹೋದಮೇಲೂ ಅಭ್ಯಾಸ ಉಳಿಯಿತು: ಚಿತ್ರ ತೆಗೆಯುವುದು ಶುಭದ ಕೆಲಸ. ಸಾವಿನ ಮನೆಯ ವಿಡಿಯೋ, ಜಗಳದ ವಿಡಿಯೋ, ಬಾಡಿಗೆ ಕಟ್ಟಲಾಗದೆ ಮನೆ ಬದಲಿಸಿದ ದಿನದ ವಿಡಿಯೋ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಕುಟುಂಬದ ಚಿತ್ರಸಂಗ್ರಹವು ಕುಟುಂಬದ ಚರಿತ್ರೆಯೆಂದು ತಿಳಿಯುವುದಕ್ಕಿಂತ, ಕುಟುಂಬವು ತನ್ನನ್ನು ತಾನು ಹೇಗೆ ಕಾಣಬಯಸಿತು ಎಂಬುದರ ದಾಖಲೆಯೆಂದು ತಿಳಿಯುವುದು ಹೆಚ್ಚು ಸರಿ. ಹವ್ಯಾಸಿ ಚಿತ್ರಗಳ ಸಾಮಾಜಿಕ ಚರಿತ್ರೆಯನ್ನು 1995ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದ ಅಮೆರಿಕದ ವಿದ್ವಾಂಸೆ ಪೆಟ್ರೀಷಿಯಾ ಜಿಮ್ಮರ್‌ಮನ್ ಅವರ ಅಧ್ಯಯನ ಈ ಬಗೆಯ ಪ್ರಶ್ನೆಗಳಿಗೆ ದಾರಿ ತೆರೆಯಿತು. ನಮ್ಮಲ್ಲಿ ಅಂಥ ಕೆಲಸ ಇನ್ನು ಆಗಬೇಕಾಗಿದೆ.

ಹಾಗಾದರೆ ನಿತ್ಯಜೀವನ ಎಲ್ಲಿದೆ? ಅದು ಚೌಕಟ್ಟಿನ ಅಂಚಿನಲ್ಲಿದೆ. ಕ್ಯಾಮೆರಾ ಹಿಡಿದವನು ತೊಟ್ಟಿಲನ್ನು ಚಿತ್ರಿಸುತ್ತಿರುತ್ತಾನೆ. ಅದರ ಹಿಂದೆ ಗೂಡಿನಲ್ಲಿ ಸೀಮೆಎಣ್ಣೆಯ ಬುಡ್ಡಿ ಇರುತ್ತದೆ. ಆರತಿಯೆತ್ತುವ ಮುತ್ತೈದೆಯರ ಹಿಂದೆ ಬಚ್ಚಲಿನ ಬಾಗಿಲು ಅರೆತೆರೆದು ಹಂಡೆಯ ಅಂಚು ಹೊಳೆಯುತ್ತಿರುತ್ತದೆ. ಹಿತ್ತಿಲಲ್ಲಿ ನಿಂತ ಮದುಮಗಳ ಪಕ್ಕದಲ್ಲಿ ಒರಳುಕಲ್ಲು, ಅದರ ಮೇಲೆ ಒಣಗಲು ಹಾಕಿದ ಬಟ್ಟೆ. ಇವನ್ನು ಚಿತ್ರಿಸಬೇಕೆಂದು ಯಾರೂ ಬಯಸಿರಲಿಲ್ಲ. ಸಾಧ್ಯವಾಗಿದ್ದರೆ ಬಟ್ಟೆಯನ್ನು ತೆಗೆದಿಡುತ್ತಿದ್ದರು. ಮೂವತ್ತು, ನಲವತ್ತು ವರ್ಷಗಳ ನಂತರ ಅದೇ ಚಿತ್ರವನ್ನು ನೋಡುವವರ ಕಣ್ಣು ತೊಟ್ಟಿಲಿನಲ್ಲಿ ನಿಲ್ಲುವುದಿಲ್ಲ. ‘ಅಯ್ಯೋ, ಆ ಹಂಡೆ ನೋಡು’, ‘ಅಜ್ಜಿಯ ಕಲ್ಲು ಅಲ್ಲೇ ಇತ್ತಲ್ಲವೇ’ ಎಂದು ಅಂಚಿನ ಕಡೆಗೆ ಹೋಗುತ್ತದೆ. ತೆಗೆದವನ ಉದ್ದೇಶಕ್ಕೂ ನೋಡುವವನ ಆಸಕ್ತಿಗೂ ನಡುವೆ ಕಾಲ ಹೀಗೆ ಜಾಗ ಬದಲಿಸುತ್ತದೆ, ಹಿನ್ನೆಲೆ ಮುನ್ನೆಲೆಯಾಗುತ್ತದೆ. ಮನೆಯ ಚಿತ್ರಗಳಿಗೆ ಇರುವ ಸಾಕ್ಷ್ಯದ ಬೆಲೆ ಬಂದಿರುವುದೇ ಈ ಅನುದ್ದೇಶದಿಂದ. ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಸಾಮಾನ್ಯರ ದಿನಚರಿಯನ್ನು ಬೇಕೆಂದೇ ಹುಡುಕಿ ಹೋದವರು. ಅವರ ಚಿತ್ರಗಳಲ್ಲಿ ನಿತ್ಯಜೀವನ ನಡುವಿನಲ್ಲಿರುತ್ತದೆ, ಬೆಳಕು ಹದವಾಗಿರುತ್ತದೆ, ಆಯ್ಕೆಯ ವಿವೇಕ ಕಾಣುತ್ತದೆ. ಮನೆಯ ಚಿತ್ರಗಳಲ್ಲಿ ಆಯ್ಕೆಯೇ ಇಲ್ಲದೆ ಒಳಗೆ ನುಸುಳಿದ ಲೋಕವಿರುತ್ತದೆ. ಕಲೆಯಾಗಿ ಮೊದಲನೆಯದು ಶ್ರೇಷ್ಠ. ವಸ್ತುಸಂಸ್ಕೃತಿಯ ಅಭ್ಯಾಸಿಗೆ ಎರಡನೆಯದೂ ಬೇಕು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯದಲ್ಲಿ 1968ರಿಂದ ಕೂಡಿಸುತ್ತ ಬಂದ ಅಪಾರ ಗೃಹೋಪಯೋಗಿ ವಸ್ತುಗಳಿವೆ. ಆದರೆ ಅಲ್ಲಿನ ಬೀಸುವ ಕಲ್ಲು ನಿಂತಿದೆ. ಕೈ ಯಾವ ಎತ್ತರದಿಂದ ಇಳಿಯುತ್ತಿತ್ತು, ಎದುರಿಗೆ ಕೂತವಳು ಗೂಟವನ್ನು ಎಲ್ಲಿ ಹಿಡಿಯುತ್ತಿದ್ದಳು, ಕಾಳು ಸುರಿಯುವಾಗ ಕಲ್ಲು ನಿಲ್ಲುತ್ತಿತ್ತೋ ಇಲ್ಲವೋ ಎಂಬುದನ್ನು ಚಲನೆಯ ಚಿತ್ರವೊಂದರ ಅಂಚು ಹೇಳೀತು.

ಇಲ್ಲಿಯವರೆಗೆ ಕಣ್ಣಿನ ಮಾತಾಯಿತು. ಕಿವಿಯ ಮಾತು ಇದಕ್ಕಿಂತ ಗಂಭೀರ. ಹಳೆಯ ಸುರುಳಿಗಳು ಬಹುತೇಕ ಮೂಕಚಿತ್ರಗಳು. ಅವುಗಳಿಂದ ಧ್ವನಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ವಿಡಿಯೋ ಟೇಪು ಧ್ವನಿಯನ್ನೂ ಹಿಡಿಯುತ್ತಿತ್ತು. ಮೈಸೂರು ಸೀಮೆಯ ಮದುವೆಗಳಲ್ಲಿ 1980, 90ರ ದಶಕಗಳಲ್ಲಿ ಇನ್ನೂ ಸೋಬಾನೆ ಹಾಡುವ ಹೆಂಗಸರಿದ್ದರು. ಚಪ್ಪರ ಹಾಕುವಾಗ, ಅರಿಸಿನ ಹಚ್ಚುವಾಗ, ಹೆಣ್ಣು ಒಪ್ಪಿಸುವಾಗ ಹಾಡುಗಳಿದ್ದವು, ಧಾರೆಗೆ ಓಲಗವಿತ್ತು, ಬೀಗರನ್ನು ಹಂಗಿಸುವ ಪದಗಳಿದ್ದವು. ಅವೆಲ್ಲ ಆ ಹೊತ್ತಿನಲ್ಲಿ ಟೇಪಿನ ಮೇಲೆ ಮೂಡಿಯೇ ಇರಬೇಕು. ಆದರೆ ಕುಟುಂಬದ ಕೈಗೆ ಬಂದ ಕ್ಯಾಸೆಟ್ಟಿನಲ್ಲಿ ಅವು ಬಹುಮಟ್ಟಿಗೆ ಇಲ್ಲ. ಸ್ಟುಡಿಯೋದಲ್ಲಿ ಚಿತ್ರವನ್ನು ಜೋಡಿಸುವಾಗ ಸ್ಥಳದ ಧ್ವನಿಯನ್ನು ಅಳಿಸಿ, ಅದರ ಮೇಲೆ ಜನಪ್ರಿಯ ಸಿನಿಮಾಗೀತೆಗಳನ್ನು ಕೂರಿಸುವುದು ಪದ್ಧತಿಯಾಗಿತ್ತು. ಹೃದಯಾಕಾರದ ಚೌಕಟ್ಟಿನೊಳಗೆ ವಧುವರರ ಮುಖ, ಅರಳುವ ಹೂವಿನೊಳಗಿಂದ ಛತ್ರದ ಬಾಗಿಲು, ಹಿನ್ನೆಲೆಯಲ್ಲಿ ಸಿನಿಮಾ ಹಾಡು. ಈ ಚಿತ್ರಗಳಲ್ಲಿ ಹೆಂಗಸರ ತುಟಿಗಳು ಆಡುತ್ತಿರುತ್ತವೆ, ಹಾಡು ಕೇಳಿಸುವುದಿಲ್ಲ. ಅಲ್ಲಿರುವ ತುಟಿಗೂ ಕೇಳುವ ದನಿಗೂ ಸಂಬಂಧವಿಲ್ಲ.

ಜನಪದ ಗೀತೆಗಳ ಅವಸಾನವನ್ನು ಕುರಿತು ಬರೆದವರು ರೇಡಿಯೋ, ಸಿನಿಮಾ, ಟಿ.ವಿ.ಗಳನ್ನು ದೂರಿದ್ದಾರೆ. ಅದು ಒಂದು ಹಂತದವರೆಗೆ ನಿಜ. ಮದುವೆ ಕ್ಯಾಸೆಟ್ಟಿನಲ್ಲಿ ನಡೆದದ್ದು ಇನ್ನೂ ಸೂಕ್ಷ್ಮವಾದುದು. ಹಾಡು ಇದ್ದಾಗಲೇ, ಹಾಡುವವರು ಎದುರಿಗಿದ್ದಾಗಲೇ, ದಾಖಲಿಸುವ ಯಂತ್ರವೂ ಸಿದ್ಧವಾಗಿದ್ದಾಗಲೇ ಅದನ್ನು ‘ಗಲಾಟೆ’ ಎಂದು ಬಗೆದು ತೆಗೆದುಹಾಕಲಾಯಿತು. ಇದನ್ನು ವಿಡಿಯೋದವನೊಬ್ಬನ ತಪ್ಪೆಂದು ಹೇಳುವಂತಿಲ್ಲ. ಹಣ ಕೊಟ್ಟವರ ಅಭಿರುಚಿಯನ್ನೇ ಅವನು ಪಾಲಿಸಿದ. ಇಂದು ಅದೇ ಕ್ಯಾಸೆಟ್ಟನ್ನು ನೋಡುತ್ತ ‘ಆಗ ಮದುವೆಯೆಂದರೆ ಸೋಬಾನೆ ಇರುತ್ತಿತ್ತು’ ಎಂದು ನಿಟ್ಟುಸಿರಿಡುವವರು, ಆ ಸೋಬಾನೆಯನ್ನು ಅಳಿಸಲು ಒಪ್ಪಿದ ಕುಟುಂಬಗಳವರೇ ಆಗಿರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಹಳಹಳಿಕೆಗೆ ತನ್ನ ಪಾಲಿನ ಹೊಣೆ ನೆನಪಿರುವುದಿಲ್ಲ. ಸ್ಟುಡಿಯೋಗಳಲ್ಲಿ ಜೋಡಣೆಗೆ ಮುಂಚಿನ ಮೂಲ ಟೇಪುಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಸೋಬಾನೆ ಪದಗಳ ಅಪೂರ್ವ ಭಂಡಾರವಾದಾವು. ಆದರೆ ಟೇಪು ದುಬಾರಿಯೆಂದು ಒಂದರ ಮೇಲೊಂದು ಮದುವೆಯನ್ನು ಅದೇ ಟೇಪಿನಲ್ಲಿ ತೆಗೆಯುವುದೂ ಇತ್ತು.

ಜಾನಪದ ವಿದ್ವಾಂಸರು ತಾವೇ ನಡೆಸಿದ ದಾಖಲೀಕರಣದೊಂದಿಗೆ ಇದನ್ನು ಹೋಲಿಸಬಹುದು. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಅವರ ಸಂಗಡಿಗರು ಧ್ವನಿ, ದೃಶ್ಯ ಎರಡರಲ್ಲೂ ದಾಖಲಿಸಿದರು; 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಯಿತು. ಎಚ್.ಎಲ್. ನಾಗೇಗೌಡರು 1979ರಲ್ಲಿ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದು ಧ್ವನಿ, ವಿಡಿಯೋ ಮುದ್ರಣಗಳ ಸಂಗ್ರಹ ಕಟ್ಟಿದರು. ಈ ದಾಖಲೆಗಳಲ್ಲಿ ಕಲಾವಿದ ನಡುವಿನಲ್ಲಿದ್ದಾನೆ, ಧ್ವನಿ ಶುದ್ಧವಾಗಿದೆ. ಅವುಗಳ ಮಹತ್ವ ಪ್ರಶ್ನಾತೀತ. ಆದರೆ ಹಾಡುವಾಗ ಅಡ್ಡಬಂದ ಮಗು, ಮಧ್ಯೆ ಕಾಫಿ ತಂದವರು, ಹಾಡು ಮರೆತಾಗ ನಕ್ಕವರು ಅವುಗಳಲ್ಲಿ ಕಡಿಮೆ. ಸಂಶೋಧಕ ಗಲಾಟೆಯನ್ನು ಬೇಡವೆಂದ. ಕುಟುಂಬ ಹಾಡನ್ನೇ ಗಲಾಟೆಯೆಂದಿತು.

ಮನೆಯ ಚಿತ್ರವು ತಾನೇ ಒಂದು ಪೂರ್ಣ ಪಠ್ಯವಲ್ಲ ಎಂಬುದು ಇನ್ನೊಂದು ಅಂಶ. ಹೊರಗಿನವನೊಬ್ಬನಿಗೆ ಅದನ್ನು ತೋರಿಸಿದರೆ ಅವನಿಗೆ ಕಾಣುವುದು ಯಾರೋ ಕೆಲವರು ಕೈಬೀಸುತ್ತಿರುವುದು ಮಾತ್ರ. ಅದು ಅರ್ಥವಾಗಬೇಕಾದರೆ ಪಕ್ಕದಲ್ಲಿ ಒಬ್ಬರು ಕೂತು ಹೇಳಬೇಕು: ಇವಳು ದೊಡ್ಡಮ್ಮ, ಆಗ ಇನ್ನೂ ಮದುವೆಯಾಗಿರಲಿಲ್ಲ, ಅವನು ಸೋದರಮಾವ, ಮರುವರ್ಷವೇ ಹೋಗಿಬಿಟ್ಟ, ಆ ಸೀರೆ ನನ್ನದು, ಅವಳು ಉಟ್ಟುಕೊಂಡಿದ್ದಾಳೆ. ಚಿತ್ರ ಓಡುತ್ತಿರುವಷ್ಟು ಹೊತ್ತೂ ಈ ಹೇಳಿಕೆ ನಡೆಯುತ್ತಿರುತ್ತದೆ; ಕೇಳುವವರು ಹೂಂಗುಡುತ್ತಿರುತ್ತಾರೆ; ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ತಿದ್ದುತ್ತಾರೆ. ಕಥೆ ಹೇಳುವ ಪರಂಪರೆಯಲ್ಲಿ ಕಥೆಗಾರನಿಗೂ ಹೂಂಗುಡುವವನಿಗೂ ಇರುವ ಸಂಬಂಧವೇ ಇಲ್ಲಿಯದೂ. ನಿರೂಪಕರು ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸರು. ಕ್ಯಾಮೆರಾ ಹಿಡಿದವರು ಬಹುಮಟ್ಟಿಗೆ ಗಂಡಸರು. ಚಿತ್ರ ಗಂಡಸಿನ ಕಣ್ಣಿನದಾದರೆ ಅದರ ಅರ್ಥ ಹೆಂಗಸಿನ ನಾಲಗೆಯದು. ಒಂದೇ ಚಿತ್ರ ಬೇರೆ ಬೇರೆ ಸಲ ಬೇರೆ ಬೇರೆ ಕಥೆಯಾಗುತ್ತದೆ. ಮನೆ ಮಾರುವ ಮೊದಲು ‘ಇಕ್ಕಟ್ಟು ಮನೆ’ಯೆಂದು ತೋರಿದ ಪಡಸಾಲೆ, ಮಾರಿದ ಮೇಲೆ ‘ಎಷ್ಟು ಜನ ಮಲಗುತ್ತಿದ್ದೆವು ಅಲ್ಲಿ’ ಎಂದಾಗುತ್ತದೆ. ಪಾಠಾಂತರ ಎಂಬ ಪರಿಭಾಷೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದ್ದರಿಂದ ಚಿತ್ರವನ್ನು ಮಾತ್ರ ಉಳಿಸಿ ಹೇಳಿಕೆಯನ್ನು ಉಳಿಸದಿದ್ದರೆ, ತಾಳೆಗರಿಯನ್ನು ಕಾಪಾಡಿ ಲಿಪಿ ಬಲ್ಲವರನ್ನು ಕಳೆದುಕೊಂಡಂತಾಗುತ್ತದೆ.

ಸಂಧ್ಯಾ ಸೂರಿ ಅವರು 2005ರಲ್ಲಿ ನಿರ್ದೇಶಿಸಿದ ‘ಐ ಫಾರ್ ಇಂಡಿಯಾ’ ಎಂಬ ಸಾಕ್ಷ್ಯಚಿತ್ರ ಈ ಅಂಶವನ್ನು ಚೆನ್ನಾಗಿ ಗ್ರಹಿಸಿದೆ. ಅವರ ತಂದೆ ಯಶ್‌ಪಾಲ್ ಸೂರಿ 1965ರಲ್ಲಿ ವೈದ್ಯರಾಗಿ ಇಂಗ್ಲೆಂಡಿಗೆ ಹೋದವರು. ಅವರು ಎರಡು ಸೂಪರ್ 8 ಕ್ಯಾಮೆರಾ, ಎರಡು ಪ್ರೊಜೆಕ್ಟರ್, ಎರಡು ಟೇಪ್ ರೆಕಾರ್ಡರ್‌ಗಳನ್ನು ಕೊಂಡು ಒಂದೊಂದನ್ನು ಭಾರತದ ತಮ್ಮ ಕುಟುಂಬಕ್ಕೆ ಕಳಿಸಿದರು. ದಶಕಗಳ ಕಾಲ ಚಿತ್ರ ಮತ್ತು ಧ್ವನಿಯ ಸುರುಳಿಗಳು ಎರಡು ದೇಶಗಳ ನಡುವೆ ಓಡಾಡಿದವು. ಮಗಳು ಕಟ್ಟಿದ ಸಾಕ್ಷ್ಯಚಿತ್ರದಲ್ಲಿ ಬಿಳಿಯ ಹಿಮ, ಹೊಸ ಮನೆ, ನಗುವ ಮಕ್ಕಳ ಚಿತ್ರಗಳಷ್ಟೇ ಇದ್ದಿದ್ದರೆ ಅದು ಸುಖದ ಕಥೆಯಾಗುತ್ತಿತ್ತು. ಜೊತೆಗೆ ಬರುವ ಧ್ವನಿಯಲ್ಲಿ, ವಾಪಸು ಬರಬೇಕೆಂಬ ತಂದೆಯ ಸಂಕಟವೂ ಬಾ ಎಂದು ಕರೆಯುವ ಊರಿನವರ ನೋವೂ ಇರುವುದರಿಂದ ಆ ನಗು ಬೇರೆಯೇ ಆಗಿ ಕಾಣುತ್ತದೆ. ಮೈಸೂರಿನ ಸ್ಥಿತಿ ಇದಕ್ಕೆ ದೂರದ್ದಲ್ಲ. ಮಕ್ಕಳು ಅಮೆರಿಕೆಯಲ್ಲಿ, ತಂದೆತಾಯಿ ಹೊರವಲಯದ ಬಡಾವಣೆಗಳಲ್ಲಿ ಎಂಬುದು ಈ ನಗರದ ಪರಿಚಿತ ಚಿತ್ರ. ಅಲ್ಲಿಂದ ಬಂದ ವಿಡಿಯೋ ಕ್ಯಾಸೆಟ್ಟು ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಯದು, ಇಲ್ಲಿನ ಯಂತ್ರ ಪಾಲ್ ಪದ್ಧತಿಯದು. ಎರಡನ್ನೂ ಬಲ್ಲ ವಿ.ಸಿ.ಆರ್. ಇಲ್ಲದ ಮನೆಯಲ್ಲಿ ಮೊಮ್ಮಗನ ಹುಟ್ಟುಹಬ್ಬ ಕಪ್ಪುಬಿಳುಪು ಪಟ್ಟೆಗಳಾಗಿ ಉರುಳುತ್ತಿತ್ತು. ದೂರವನ್ನು ಇದಕ್ಕಿಂತ ನಿಖರವಾಗಿ ತೋರಿಸುವುದು ಯಾವ ಕಥೆಗಾರನಿಗೂ ಕಷ್ಟ.

ಹಳಹಳಿಕೆಯನ್ನು ಒಂದು ರೋಗವೆಂದು ಮೊದಲು ಹೆಸರಿಸಿದವನು ಸ್ವಿಟ್ಜರ್‌ಲೆಂಡಿನ ಯೊಹಾನೆಸ್ ಹೋಫರ್. 1688ರ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಮನೆಯಿಂದ ದೂರವಾದವರು ಕೃಶರಾಗುವ ವ್ಯಾಧಿಗೆ ಅವನು ಗ್ರೀಕ್ ಪದಗಳಿಂದ ಹೆಸರು ಕಟ್ಟಿದ. ಮೂರು ಶತಮಾನಗಳ ನಂತರ, 2001ರಲ್ಲಿ, ಸ್ವೆಟ್ಲಾನಾ ಬಾಯ್ಮ್ ಅದರಲ್ಲಿ ಎರಡು ಬಗೆಗಳನ್ನು ಗುರುತಿಸಿದರು: ಕಳೆದುಹೋದ ಮನೆಯನ್ನು ಮತ್ತೆ ಕಟ್ಟಿಯೇ ತೀರುವೆನೆನ್ನುವುದು ಒಂದು, ಕಳೆದುಹೋದದ್ದನ್ನು ಕಳೆದುಹೋದದ್ದೆಂದೇ ಬಲ್ಲ, ಆ ಹಂಬಲದಲ್ಲೇ ತಂಗಿ ಯೋಚಿಸುವುದು ಇನ್ನೊಂದು. ಈ ವಿಂಗಡಣೆ ಉಪಯುಕ್ತವಾದರೂ ಬೋಗಾದಿಯಂಥ ಸ್ಥಳಕ್ಕೆ ಸಾಲದು. ಎರಡು ಬಗೆಗಳಲ್ಲೂ ಹಂಬಲಿಸುವವನ ಬಳಿ ಹಂಬಲಿಸಲು ಒಂದು ಚಿತ್ರವಾದರೂ ಇದೆ. ಚಿತ್ರವೇ ಇಲ್ಲದವನ ಹಂಬಲಕ್ಕೆ ಅಲ್ಲಿ ಮನೆಯಿಲ್ಲ. ಬಡಾವಣೆಗೆ ಬಂದವರ ಗೃಹಪ್ರವೇಶದ ವಿಡಿಯೋಗಳನ್ನು ಈ ದೃಷ್ಟಿಯಿಂದ ನೋಡಬೇಕು. ಹೊಸ ಮನೆಗೆ ಹಸು ಹೊಗಿಸುವುದು, ಹಾಲು ಉಕ್ಕಿಸುವುದು, ಹೋಮ, ಊಟ. ನಡುನಡುವೆ ತಾರಸಿಯ ಮೇಲಿಂದ ಸುತ್ತ ತಿರುಗಿಸಿದ ಕ್ಯಾಮೆರಾ. ಆ ಒಂದು ಸುತ್ತಿನಲ್ಲಿ ಇನ್ನೂ ಮನೆಗಳೇಳದ ಹೊಲ, ಬೇಲಿ, ಕಾಲುಹಾದಿ, ಮೇಯುವ ದನ ಹಾದುಹೋಗುತ್ತವೆ. ‘ಎಷ್ಟು ಬಯಲಾಗಿತ್ತು ಆಗ, ಎಂಥ ಗಾಳಿ’ ಎಂದು ಮನೆಯವರು ಈಗ ಹೇಳುತ್ತಾರೆ. ಅವರಿಗೆ ಅದು ಬಯಲು. ಊರಿನವರಿಗೆ ಅದು ಇಂಥವರ ಹೊಲ, ಇಂಥ ಮರ, ಇಂಥ ದೇವರ ಕಲ್ಲು. ಉತ್ತವರ ಮನೆಯಲ್ಲಿ ಆ ಹೊಲದ ಚಿತ್ರವಿರುವ ಸಂಭವ ಬಹಳ ಕಡಿಮೆ. ಇದ್ದರೆ ಅದು ಕೊಂಡವರ ಕ್ಯಾಸೆಟ್ಟಿನಲ್ಲಿದೆ, ಐದು ಸೆಕೆಂಡು. ಹಳ್ಳಿಯ ಕೊನೆಯ ದೃಶ್ಯದಾಖಲೆ ಹಳ್ಳಿಯನ್ನು ಮುಗಿಸಿದ ಮನೆಯೊಳಗೆ ಇರುವುದು ಈ ಪ್ರದೇಶದ ಚರಿತ್ರೆಯ ವಿಪರ್ಯಾಸ.

ಚಿತ್ರದಲ್ಲಿದ್ದೂ ಹೆಸರಿಲ್ಲದವರ ಪ್ರಶ್ನೆ ಇದಕ್ಕೆ ಸೇರಿಕೊಂಡದ್ದು. ಮುಸುರೆ ತಿಕ್ಕುವ ಹೆಂಗಸು, ಚಪ್ಪರಕ್ಕೆ ಗಳ ಹೊತ್ತವರು, ಬಾಳೆ ಎಲೆ ಎತ್ತುವವರು, ಓಲಗದವರು: ಇವರೆಲ್ಲ ಅಂಚಿನಲ್ಲಿ ಹಾದುಹೋಗುತ್ತಾರೆ. ಕ್ಯಾಮೆರಾ ತಮ್ಮ ಕಡೆ ತಿರುಗಿತೆಂದರೆ ಸರಿದು ನಿಲ್ಲುತ್ತಾರೆ. ಆ ಸರಿಯುವಿಕೆಯೂ ದಾಖಲಾಗಿರುತ್ತದೆ. ಪಕ್ಕದಲ್ಲಿ ಕೂತು ಎಲ್ಲರ ಹೆಸರನ್ನೂ ಹೇಳುವ ನಿರೂಪಕಿ ಇಲ್ಲಿ ಬಂದಾಗ ‘ಅವಳು ಕೆಲಸದವಳು’ ಎಂದು ಮುಂದೆ ಹೋಗುತ್ತಾಳೆ. ಅಂಚಿನಲ್ಲಿ ಸಿಗುವ ನಿತ್ಯಜೀವನವನ್ನು ಹೊತ್ತು ನಡೆಸಿದವರೇ ಇವರು. ಹಂಡೆ ಬೆಳಗಿದವಳನ್ನು ಬಿಟ್ಟು ಹಂಡೆಗಾಗಿ ಹಳಹಳಿಸುವುದು ಪೂರ್ತಿ ಪ್ರಾಮಾಣಿಕವಾದ ಹಳಹಳಿಕೆಯಲ್ಲ.

ಇದೇ ನೆಲದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ನಿದರ್ಶನ ಇಲ್ಲಿ ನೆನಪಾಗುವುದು ಸಹಜ. ಮೈಸೂರಿನ ಸಮೀಪದ, ‘ರಾಂಪುರ’ ಎಂದು ಅವರೇ ಹೆಸರಿಟ್ಟ ಹಳ್ಳಿಯಲ್ಲಿ 1948ರಲ್ಲಿ ಅವರು ಕ್ಷೇತ್ರಕಾರ್ಯ ನಡೆಸಿದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹತ್ತಿದ ಬೆಂಕಿಯಲ್ಲಿ ಅವರು ಸಂಸ್ಕರಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಊರಿನವರು ತಮ್ಮನ್ನು ಚಿತ್ರ ತೆಗೆಯುವವನೆಂದೇ ಹೆಚ್ಚಾಗಿ ಬಲ್ಲವರಾಗಿದ್ದು, ಅವರ ಬಾಯಲ್ಲಿ ‘ಕ್ಯಾಮೆರಾ’ ಎಂಬುದು ‘ಚಾಮರ’ವಾದುದನ್ನು ಶ್ರೀನಿವಾಸರು ಆ ಕೃತಿಯಲ್ಲಿ ನೆನೆಯುತ್ತಾರೆ. ಈ ಅಪಭ್ರಂಶ ಅರ್ಥವಿಲ್ಲದ್ದಲ್ಲ: ಚಾಮರ ಬೀಸುವುದು ದೇವರಿಗೆ ಇಲ್ಲವೆ ಅರಸನಿಗೆ. ಕೃತಿಯ ಹಿರಿಮೆ ಏನೆಂದರೆ, ತಾನು ತಂಗಿದ್ದು ಊರಗೌಡರ ಆಶ್ರಯದಲ್ಲಿ, ಹಾಗಾಗಿ ಊರು ತನಗೆ ಮೇಲಿನವರ ಕಣ್ಣಿನಿಂದ ಹೆಚ್ಚಾಗಿ ಕಂಡಿತು ಎಂಬುದನ್ನು ಲೇಖಕರು ಮುಚ್ಚಿಡುವುದಿಲ್ಲ. ನೆನಪು ತನ್ನ ನಿಂತ ಜಾಗವನ್ನು ತಾನೇ ಹೇಳಿಕೊಳ್ಳುತ್ತದೆ. ಮನೆಯ ಚಿತ್ರಗಳನ್ನು ಕುರಿತ ಇಂದಿನ ಹಳಹಳಿಕೆಯ ಬರಹಗಳಲ್ಲಿ ಕಾಣದಿರುವುದು ಇದು. ಅವುಗಳಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಜಾರದಿಂದ ಕಂಡದ್ದು ಇಡೀ ಕಾಲವಾಗಿಬಿಡುತ್ತದೆ.

ನಗುವಿನ ಚಿತ್ರ ಸುಖದ ಪುರಾವೆಯಲ್ಲ ಎಂಬುದಕ್ಕೆ ದೂರದ ಒಂದು ಉದಾಹರಣೆ ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ತನ್ನದೇ ಜಪಾನೀ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಯೂಟಾ ಸಂಸ್ಥಾನದ ಟೋಪಾಜ್ ಶಿಬಿರದಲ್ಲಿದ್ದ ಡೇವ್ ಟಟ್ಸುನೊ ಎಂಬವರು ಕದ್ದು ತರಿಸಿಕೊಂಡ 8 ಮಿ.ಮೀ. ಕ್ಯಾಮೆರಾದಿಂದ ಅಲ್ಲಿನ ದಿನಚರಿಯನ್ನು ಬಣ್ಣದಲ್ಲಿ ಚಿತ್ರಿಸಿದರು. ಹಿಮದಲ್ಲಿ ಆಡುವವರು, ತೋಟ, ಮಕ್ಕಳು. ಮುಳ್ಳುತಂತಿಯ ಸುದ್ದಿ ಗೊತ್ತಿಲ್ಲದವನಿಗೆ ಅದು ಸಂಸಾರಸುಖದ ಚಿತ್ರ. 1996ರಲ್ಲಿ ಆ ದೇಶದ ರಾಷ್ಟ್ರೀಯ ಚಿತ್ರಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಒಂದು ಕುಟುಂಬದ ಚಿತ್ರವನ್ನು ದೇಶದ ದಾಖಲೆಯೆಂದು ಒಪ್ಪಿಕೊಳ್ಳಬಹುದೆಂಬುದನ್ನೂ ಆ ಕ್ರಮ ತೋರಿಸಿತು.

ಕರ್ನಾಟಕಕ್ಕೆ ಸೇರಿದ ಇನ್ನೊಂದು ಪ್ರಯತ್ನ ವಿಧಾನದ ದೃಷ್ಟಿಯಿಂದ ಮುಖ್ಯವಾದುದು. ಡಚ್ ಸಂಗೀತಶಾಸ್ತ್ರಜ್ಞ ಅರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಜನಪದ ಕಲೆಗಳ ಮೂಕಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಮಾಡಿದ್ದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಆಮಿ ಕ್ಯಾಟ್ಲಿನ್ ಅವರು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅದೇ ಜಾಡು ಹಿಡಿದು ಹೋಗಿ, ಆ ಕಲೆಗಳು ಉಳಿದಿವೆಯೇ, ಹೇಗೆ ಬದಲಾಗಿವೆ ಎಂದು ಪರಿಶೀಲಿಸಿದರು. ಇಲ್ಲಿ ಹಳೆಯ ಚಿತ್ರ ಹಂಬಲಿಸುವುದಕ್ಕೆ ನೆಪವಾಗಲಿಲ್ಲ, ಕೇಳುವುದಕ್ಕೆ ಸಾಧನವಾಯಿತು. ಚಿತ್ರವನ್ನು ಅದು ಹುಟ್ಟಿದ ಊರಿಗೇ ಒಯ್ಯುವ ಈ ಕ್ರಮವನ್ನು ಮನೆಯ ಚಿತ್ರಗಳಿಗೂ ಅನ್ವಯಿಸಬಹುದು. ಬೋಗಾದಿಯ ಬಡಾವಣೆಗಳ ಗೃಹಪ್ರವೇಶದ ಕ್ಯಾಸೆಟ್ಟುಗಳಲ್ಲಿ ಸಿಗುವ ಆ ಐದೈದು ಸೆಕೆಂಡುಗಳನ್ನು ಊರಿನ ಹಿರಿಯರೆದುರು ಓಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡರೆ, ‘ಬಯಲು’ ಎಂದು ಮನೆಯವರು ಹೇಳಿದ ಜಾಗಕ್ಕೆ ಹೊಲಗಳ ಹೆಸರು, ಹಾದಿಗಳ ಹೆಸರು, ನೀರಿನ ಹರಿವಿನ ಹೆಸರು ಮರಳಿ ಬಂದಾವು. ಸ್ಥಳನಾಮ ಅಧ್ಯಯನ ಮಾಡುವವರಿಗೂ ಇದು ಹೊಸ ಆಕರ.

ಕಾಲಾವಕಾಶ ಮಾತ್ರ ಹೆಚ್ಚಿಲ್ಲ. ಅಸಿಟೇಟ್ ಸುರುಳಿಗಳು ಸೆಕೆ, ತೇವಗಳಲ್ಲಿ ಕೊಳೆತು ಹುಳಿವಾಸನೆ ಹೊಡೆಯುತ್ತ ಮುರುಟುತ್ತವೆ. ವಿಡಿಯೋ ಟೇಪಿಗೆ ಬೂಷ್ಟು ಹಿಡಿದು ಕಾಂತಲೇಪ ಉದುರುತ್ತದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯೆನ್ನಲಾದ ಜಪಾನಿನ ಫುನಾಯಿ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಮುಖ್ಯ ಕಾಳಜಿ ಕಥಾಚಿತ್ರಗಳದು. ಬ್ರಿಟಿಷ್ ಅಧಿಕಾರಿಗಳ ಕುಟುಂಬಗಳು ಭಾರತದಲ್ಲಿ ತೆಗೆದ ಮನೆಚಿತ್ರಗಳು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿ ಕ್ರಮವಾಗಿ ಉಳಿದಿವೆ; ಅವರ ಬಂಗಲೆಯ ಮಾಲಿ, ಆಯಾ, ಕುದುರೆಯಾಳುಗಳು ಅಲ್ಲಿ ಅಂಚಿನಲ್ಲಿ ಓಡಾಡುತ್ತಿದ್ದಾರೆ. ಅಮೆರಿಕದ ಸಂಗ್ರಾಹಕರು 2003ರಲ್ಲಿ ಆರಂಭಿಸಿದ ಮನೆಚಿತ್ರ ದಿನಾಚರಣೆಯಲ್ಲಿ ಜನ ತಮ್ಮ ಸುರುಳಿಗಳನ್ನು ತಂದು ಪರೀಕ್ಷೆ ಮಾಡಿಸಿಕೊಂಡು ಒಟ್ಟಿಗೆ ಕೂತು ನೋಡುತ್ತಾರೆ. ಮೈಸೂರಿನಲ್ಲಿ ಇದಕ್ಕೆ ಬೇಕಾದ ಸಂಸ್ಥೆಗಳಿವೆ: ಜಾನಪದ ವಸ್ತುಸಂಗ್ರಹಾಲಯವಿದೆ, ಧ್ವನಿಯನ್ನು ಬಲ್ಲ ಭಾಷಾ ಸಂಸ್ಥೆಗಳಿವೆ, ಅವೆಲ್ಲ ಬೋಗಾದಿ ರಸ್ತೆಯಿಂದ ಕೂಗಳತೆಯಲ್ಲಿವೆ.

ಅಂಥ ಸಂಗ್ರಹವೊಂದು ಆರಂಭವಾದರೆ ಅದರ ಸೂಚಿ ಹೇಗಿರಬೇಕೆಂಬುದು ಚಿಕ್ಕ ವಿಷಯವಲ್ಲ. ‘ಇಂಥವರ ಮಗಳ ಮದುವೆ, ಇಷ್ಟನೆಯ ಇಸವಿ’ ಎಂದು ನಡುವನ್ನಷ್ಟೇ ನಮೂದಿಸುವ ಸೂಚಿ ಕುಟುಂಬಕ್ಕೆ ಸಾಕು, ಸಂಶೋಧಕನಿಗೆ ಸಾಲದು. ಪ್ರತಿಯೊಂದು ಚಿತ್ರಕ್ಕೂ ಮೂರು ಬಗೆಯ ನಮೂದು ಬೇಕಾಗುತ್ತದೆ: ಚಿತ್ರದಲ್ಲಿ ಕಾಣುವುದು, ಅದನ್ನು ನೋಡುತ್ತ ಮನೆಯವರು ಹೇಳಿದ್ದು, ಅದೇ ಚಿತ್ರವನ್ನು ನೋಡುತ್ತ ಮನೆಯವರಲ್ಲದವರು ಹೇಳಿದ್ದು. ಮೂರನೆಯದಕ್ಕೆ ಒಪ್ಪಿಗೆಯ ಪ್ರಶ್ನೆ ಅಂಟಿಕೊಂಡಿದೆ. ತನ್ನ ಮನೆಯ ಕ್ಯಾಸೆಟ್ಟನ್ನು ಸಂಗ್ರಹಕ್ಕೆ ಕೊಡುವ ಅಧಿಕಾರ ಕುಟುಂಬಕ್ಕಿದೆ. ಅದರೊಳಗೆ ಎಲೆ ಎತ್ತುತ್ತ ಹಾದುಹೋದ, ಕ್ಯಾಮೆರಾ ತಿರುಗಿದಾಗ ಸೆರಗನ್ನು ಮುಖಕ್ಕೆ ಎಳೆದುಕೊಂಡ ಹೆಂಗಸಿನ ಚಿತ್ರವನ್ನು ಕೊಡುವ ಅಧಿಕಾರ ಯಾರದು? ಅವಳ ಮಕ್ಕಳು, ಮೊಮ್ಮಕ್ಕಳು ಬಹುಶಃ ಅದೇ ಊರಿನಲ್ಲೇ ಇದ್ದಾರೆ. ಅವರ ಬಳಿ ಅವಳ ಬೇರೆ ಚಿತ್ರವಿರುವುದೋ ಇಲ್ಲವೋ. ಸೂಚಿಯನ್ನು ಸಿದ್ಧಪಡಿಸುವವರು ಮೊದಲು ಹೋಗಿ ಕೇಳಬೇಕಾದ ಮನೆ ಅದು.